ಉದ್ಯಾನಶಿಲ್ಪಿ ಕೃಂಬಿಗಲ್

ಶಿವರಾತ್ರಿ ಕಳೆಯಿತೆಂದರೆ ಚಳಿ ಹಿಂದೆ ಸರಿಯುತ್ತದೆ ಎಂಬುದು ನಮ್ಮ ಹಿರಿಯರ ಅನುಭವ. ಅಲ್ಲಿಂದ ಮುಂದೆ ಬಿಸಿಲು ದಿನದಿಂದ ದಿನಕ್ಕೆ ಬಲಿಯುತ್ತದೆ. ಕೆರೆಯ ನೀರು ಅಂಚನ್ನು ಬಿಟ್ಟು ಒಳಸರಿಯುತ್ತದೆ, ಹುಲ್ಲು ಕಂದುತ್ತದೆ, ನೆಲ ಬಿರಿಯತೊಡಗುತ್ತದೆ. ಆದರೆ ಇದೇ ದಿನಗಳಲ್ಲಿ ಬೆಂಗಳೂರಿನ ಹಳೆಯ ಬೀದಿಗಳಲ್ಲಿ ನಡೆದುಹೋಗುವವರ ಕಣ್ಣಿಗೆ ಬೇರೊಂದು ನೋಟ ಬೀಳುತ್ತದೆ. ಎಲೆಯುದುರಿದ ಟಬೂಬಿಯ ಮರವೊಂದು ಮೈತುಂಬ ಹಳದಿ ಹೂ ಹೊತ್ತು ನಿಂತಿರುತ್ತದೆ. ಅದರ ಹೂ ಉದುರುವ ವೇಳೆಗೆ ಜಕರಂದದ ನೀಲಿ ಕಾಣಿಸಿಕೊಳ್ಳುತ್ತದೆ. ಹೊಂಗೆ ಎಳೆಹಸಿರು ತಳೆದು ನೆರಳು ಚೆಲ್ಲುತ್ತದೆ. ಚೈತ್ರ ವೈಶಾಖಗಳಲ್ಲಿ ಕಕ್ಕೆಯ ಹೊಂಬಣ್ಣದ ಗೊಂಚಲುಗಳು ತೂಗಾಡುತ್ತವೆ. ಅದರ ಬೆನ್ನಲ್ಲೇ ಗುಲ್‌ಮೊಹರಿನ ಕೆಂಪು, ಹೊಳೆದಾಸವಾಳದ ನಸುನೇರಳೆ ಬರುತ್ತವೆ. ಒಂದು ಮರ ತನ್ನ ಸರದಿ ಮುಗಿಸಿ ಇನ್ನೊಂದಕ್ಕೆ ಎಡೆಮಾಡಿಕೊಡುವಂತೆ ತೋರುತ್ತದೆ.

ಹೂ ಅರಳುವುದು ನಿಸರ್ಗದ ಕೆಲಸ. ಆದರೆ ಯಾವ ಹೂವಿನ ಅನಂತರ ಯಾವುದು ಅರಳಬೇಕು, ಯಾವ ಬೀದಿಗೆ ಯಾವ ಮರ ಒಪ್ಪುತ್ತದೆ ಎಂದು ಯೋಚಿಸಿ ನೆಡುವುದು ಮನುಷ್ಯನ ಕೆಲಸ. ಬೆಂಗಳೂರಿನಲ್ಲಿ ಈ ಯೋಚನೆಗೆ ಅಡಿಪಾಯ ಹಾಕಿದವರೆಂದು ಹೆಸರಾದವರು ಗುಸ್ಟಾವ್ ಹರ್ಮನ್ ಕೃಂಬಿಗಲ್. ಅವರು ಈ ನಾಡಿನಲ್ಲಿ ಹುಟ್ಟಿದವರಲ್ಲ; ಇಲ್ಲಿನ ಬಿಸಿಲು ಮಳೆಗಳನ್ನು ಬಾಲ್ಯದಿಂದ ಕಂಡವರಲ್ಲ. ಹಿಮ ಬೀಳುವ ದೇಶದಿಂದ ಬಂದ ಒಬ್ಬ ತೋಟಗಾರ ನಮ್ಮ ಬೇಸಗೆಯ ಮರ್ಮವನ್ನು ಅರಿತುಕೊಂಡು, ಅದನ್ನೇ ಹೂವಿನ ಕಾಲವನ್ನಾಗಿ ಮಾಡಿದ ಬಗೆ ತಿಳಿಯತಕ್ಕದ್ದು.

ಕೃಂಬಿಗಲ್ಲರು 1865ನೆಯ ಇಸವಿ ಡಿಸೆಂಬರ್ 18ರಂದು ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಲೋಮೆನ್ ಎಂಬ ಊರಿನಲ್ಲಿ ಜನಿಸಿದರು. ಈ ಊರು ಡ್ರೆಸ್ಡೆನ್ ನಗರಕ್ಕೆ ಸಮೀಪದಲ್ಲಿದೆ. ಶಾಲೆಯ ಶಿಕ್ಷಣ ಮುಗಿಸಿದ ಮೇಲೆ ಅವರು ಎಲ್ಬೆ ನದಿಯ ದಡದ ಪಿಲ್ನಿಟ್ಸ್‌ನಲ್ಲಿ ತೋಟಗಾರಿಕೆಯ ತರಬೇತಿ ಪಡೆದರು. ಪಿಲ್ನಿಟ್ಸ್ ಸ್ಯಾಕ್ಸನಿಯ ಅರಸರು ಬೇಸಗೆಯನ್ನು ಕಳೆಯುತ್ತಿದ್ದ ಅರಮನೆಯ ತಾಣ. ಅದರ ಉದ್ಯಾನ ಯೂರೋಪಿನಲ್ಲಿ ಪ್ರಸಿದ್ಧವಾದುದು.

ಆ ಸೀಮೆಯಲ್ಲಿ ಬೇಸಗೆ ಎಂದರೆ ಹೆದರಿಕೆಯ ಮಾತಲ್ಲ; ಜನರೆಲ್ಲರೂ ಎದುರುನೋಡುವ ಕಾಲ. ಅಲ್ಲಿನ ತೋಟಗಾರನಿಗೆ ಶತ್ರು ಬಿಸಿಲಲ್ಲ, ಹಿಮ. ಮೇ ತಿಂಗಳ ನಡುವಿನವರೆಗೂ ಒಂದೊಂದು ರಾತ್ರಿ ಹಠಾತ್ತಾಗಿ ಚಳಿ ಮರುಕಳಿಸಿ ಎಳೆಯ ಸಸಿಗಳನ್ನು ಕೊಂದುಬಿಡುವುದುಂಟು. ಆದುದರಿಂದ ಮೇ 15ರ ಸುಮಾರಿಗೆ ಬರುವ ಕೆಲವು ಸಂತರ ದಿನಗಳು ಕಳೆಯುವ ತನಕ ಮೆತ್ತನೆಯ ಗಿಡಗಳನ್ನು ಬಯಲಿಗೆ ತರಬಾರದೆಂಬುದು ಜರ್ಮನಿಯ ರೈತರ ನಂಬಿಕೆ. ನಮ್ಮ ರೈತರು ಮಳೆ ನಕ್ಷತ್ರಗಳನ್ನು ಎಣಿಸುವಂತೆ ಅವರು ಆ ದಿನಗಳನ್ನು ಎಣಿಸುತ್ತಾರೆ. ಪಿಲ್ನಿಟ್ಸ್ ಉದ್ಯಾನದಲ್ಲಿ 1801ರಲ್ಲಿ ನೆಟ್ಟ ಒಂದು ಕಮೀಲಿಯ ಮರವಿದೆ. ಚಳಿಗಾಲ ಬರುವ ಮುನ್ನ ಆ ಮರದ ಸುತ್ತ ಒಂದು ಮನೆಯನ್ನೇ ನಿಲ್ಲಿಸಿ ಅದನ್ನು ಹಿಮದಿಂದ ಕಾಪಾಡುವುದು, ಬೇಸಗೆಯ ಹೊತ್ತಿಗೆ ಆ ಮನೆಯನ್ನು ತೆಗೆದು ಮರವನ್ನು ಗಾಳಿ ಬೆಳಕಿಗೆ ಒಡ್ಡುವುದು ಅಲ್ಲಿಯ ರೂಢಿ. ಒಂದು ಮರಕ್ಕಾಗಿ ವರ್ಷ ವರ್ಷವೂ ಇಷ್ಟು ಶ್ರಮ ವಹಿಸುವ ಪರಿಸರದಲ್ಲಿ ಬಾಲಕ ಕೃಂಬಿಗಲ್ ತೋಟಗಾರನಾಗಿ ರೂಪುಗೊಂಡರು.

1888ರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಮಡಿಗಳನ್ನು ಯೋಜಿಸುವ ಕೆಲಸ ಅವರಿಗೆ ದೊರೆಯಿತು. ವಸಂತದ ಹೂಗಳು ಮುಗಿದೊಡನೆ ಅವುಗಳನ್ನು ಕಿತ್ತು, ಗಾಜಿನ ಮನೆಯಲ್ಲಿ ಮೊದಲೇ ಬೆಳೆಸಿಟ್ಟ ಬೇಸಗೆಯ ಹೂಗಿಡಗಳನ್ನು ಬಣ್ಣಕ್ಕೆ ಬಣ್ಣ ಹೊಂದುವಂತೆ ನೆಡುವುದು ಅಲ್ಲಿನ ತೋಟಗಾರಿಕೆಯ ಒಂದು ಮುಖ್ಯ ಕಲೆ. ಬರಲಿರುವ ಋತುವಿಗಾಗಿ ಇಂದೇ ಸಿದ್ಧತೆ ಮಾಡುವ ಈ ಅಭ್ಯಾಸ ಅವರ ಮುಂದಿನ ಬಾಳಿಗೆಲ್ಲ ನೆರವಾಯಿತು. ಬಳಿಕ ಅವರು ಕ್ಯೂ ಎಂಬಲ್ಲಿನ ರಾಯಲ್ ಸಸ್ಯೋದ್ಯಾನವನ್ನು ಸೇರಿದರು. ಪ್ರಪಂಚದ ನಾನಾ ಭಾಗಗಳ ಗಿಡಮರಗಳು ಅಲ್ಲಿ ಬಂದು ಸೇರುತ್ತಿದ್ದುವು. ಅಲ್ಲಿ ಪಳಗಿದ ತೋಟಗಾರರು ಪ್ರಪಂಚದ ನಾನಾ ಭಾಗಗಳಿಗೆ ಹೋಗುತ್ತಿದ್ದರು. ಕೃಂಬಿಗಲ್ಲರಿಗೆ ಬಂದ ಕರೆ ಭಾರತದ್ದು.

ಬರೋಡ ಸಂಸ್ಥಾನದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ವಿದ್ಯಾಪಕ್ಷಪಾತಿಗಳು, ಸುಧಾರಣೆಯ ಹಂಬಲವುಳ್ಳವರು. ಅವರ ಸಂಸ್ಥಾನದ ಉದ್ಯಾನಗಳ ಹೊಣೆ ಹೊತ್ತು ಕೃಂಬಿಗಲ್ಲರು 1893ರಲ್ಲಿ ಭಾರತಕ್ಕೆ ಬಂದರು. ಗುಜರಾತಿನ ಬೇಸಗೆ ಅತಿ ಕಠಿಣವಾದುದು. ಸ್ಯಾಕ್ಸನಿಯಲ್ಲಿ ಗಿಡಕ್ಕೆ ಬಿಸಿಲು ಸಾಲದೆ ಗಾಜಿನ ಮನೆ ಕಟ್ಟುತ್ತಿದ್ದರು. ಇಲ್ಲಿ ಬಿಸಿಲನ್ನು ತಡೆಯಲು ಚಪ್ಪರ ಹಾಕಬೇಕಾಗಿತ್ತು. ಅಲ್ಲಿ ಹೊಸ ಸಸಿಯನ್ನು ನೆಡುವುದಕ್ಕೆ ಬೇಸಗೆಯ ಆರಂಭ ಒಳ್ಳೆಯ ಕಾಲ. ಇಲ್ಲಿ ಅದೇ ಕಾಲದಲ್ಲಿ ನೆಟ್ಟರೆ ಸಸಿ ಬದುಕುವುದೇ ಅರಿದು. ಯೂರೋಪಿನಲ್ಲಿ ಕಲಿತ ತೋಟದ ಪಂಚಾಂಗ ಈ ಮಣ್ಣಿನಲ್ಲಿ ತಲೆಕೆಳಗಾಯಿತು. ತಿಳಿದವನಿಗೆ ಮತ್ತೆ ಮೊದಲಿನಿಂದ ಕಲಿಯುವುದು ಸುಲಭವಲ್ಲ. ಅದಕ್ಕೆ ವಿನಯ ಬೇಕು. ಹದಿನೈದು ವರ್ಷಗಳ ಬರೋಡದ ವಾಸದಲ್ಲಿ ಕೃಂಬಿಗಲ್ಲರು ಈ ದೇಶದ ಋತುಮಾನಗಳನ್ನು ಕಲಿತುಕೊಂಡರು.

ಇತ್ತ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದರು. ಹೈದರಾಲಿಯು 1760ರಲ್ಲಿ ಆರಂಭಿಸಿ, ಟಿಪ್ಪು ಸುಲ್ತಾನನು ಬೆಳೆಸಿದ ಬೆಂಗಳೂರಿನ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಗಿತ್ತು. ಜಾನ್ ಕ್ಯಾಮರನ್ ಎಂಬುವರು 1874ರಿಂದ ಅದರ ಮೇಲ್ವಿಚಾರಕರಾಗಿದ್ದು, ಅನೇಕ ಹೊಸ ಸಸ್ಯಗಳನ್ನು ತಂದು ಬೆಳೆಸಿದ್ದರು; ಅವರ ಕಾಲದಲ್ಲಿಯೇ ಅಲ್ಲಿನ ಗಾಜಿನ ಮನೆಗೆ ಅಸ್ತಿಭಾರ ಬಿದ್ದಿತ್ತು. ಕ್ಯಾಮರನ್ನರು ನಿವೃತ್ತರಾದಾಗ ಆ ಸ್ಥಾನಕ್ಕೆ ಮಹಾರಾಜರು ಕೃಂಬಿಗಲ್ಲರನ್ನು ಬರಮಾಡಿಕೊಂಡರು. 1908ರಲ್ಲಿ ಅವರು ಲಾಲ್‌ಬಾಗಿನ ಹೊಣೆಯನ್ನು ವಹಿಸಿಕೊಂಡರು. ಮುಂದಿನ ಇಪ್ಪತ್ತನಾಲ್ಕು ವರ್ಷ ಅವರ ದುಡಿಮೆ ಮೈಸೂರು ಸಂಸ್ಥಾನಕ್ಕೆ ಮೀಸಲಾಯಿತು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಆದುದರಿಂದ ಇಲ್ಲಿನ ಬೇಸಗೆ ಬರೋಡದಷ್ಟು ಉಗ್ರವಲ್ಲ. ಆದರೂ ಸಂಕ್ರಾಂತಿಯಿಂದ ಯುಗಾದಿಯ ತನಕ ಮಳೆಯೆಂಬುದು ಅಪರೂಪ. ತೋಟವನ್ನು ಉಳಿಸಿಕೊಳ್ಳುವವನಿಗೆ ಬೇಸಗೆಯ ಆರಂಭವೇ ಪರೀಕ್ಷೆಯ ಕಾಲ. ಆಗ ಮಾಡಬೇಕಾದ ಕೆಲಸಗಳನ್ನು ಆಗಲೇ ಮಾಡದಿದ್ದರೆ ಮುಂದೆ ಎಷ್ಟು ಶ್ರಮಪಟ್ಟರೂ ಫಲವಿಲ್ಲ.

ಈ ಕೆಲಸಗಳಲ್ಲಿ ಮೊದಲನೆಯದು ನೀರಿನದು. ನಡುಹಗಲಿನಲ್ಲಿ ಹಾಕಿದ ನೀರಿನ ಬಹುಪಾಲು ಆವಿಯಾಗಿ ಹೋಗುತ್ತದೆ. ಬೆಳಗಿನ ಜಾವ ಅಥವಾ ಸಂಜೆ ಹಾಕಿದ ನೀರು ಬೇರಿಗೆ ಇಳಿಯುತ್ತದೆ. ದಿನದಿನವೂ ಮೇಲೆ ಮೇಲೆ ಚಿಮುಕಿಸಿದರೆ ಬೇರುಗಳು ನೀರನ್ನು ಅರಸಿ ಮೇಲಕ್ಕೇ ಬಂದು ಬಿಸಿಲಿಗೆ ಸಿಕ್ಕಿ ಬಾಡುತ್ತವೆ. ಎರಡು ಮೂರು ದಿನಕ್ಕೊಮ್ಮೆ ಪಾತಿ ತುಂಬ ಉಣಿಸಿದರೆ ಬೇರು ಆಳಕ್ಕೆ ಇಳಿಯುತ್ತದೆ. ಎರಡನೆಯದು ಮಣ್ಣಿನ ಆರೈಕೆ. ಗಟ್ಟಿಕಟ್ಟಿದ ಮೇಲ್ಮಣ್ಣಿನ ಸಣ್ಣ ಸಣ್ಣ ರಂಧ್ರಗಳ ಮೂಲಕ ಒಳಗಿನ ತೇವ ಮೇಲೇರಿ ಗಾಳಿ ಪಾಲಾಗುತ್ತದೆ. ಕಳೆಗುದ್ದಲಿಯಿಂದ ಮೇಲ್ಪದರವನ್ನು ಹಗುರವಾಗಿ ಕೆದಕಿ, ಅದರ ಮೇಲೆ ತರಗೆಲೆಯನ್ನೋ ಒಣಹುಲ್ಲನ್ನೋ ಹೊದಿಸಿದರೆ ತೇವ ಉಳಿಯುತ್ತದೆ. ಚಳಿಗಾಲದಲ್ಲಿ ಮರಗಳಿಂದ ಉದುರಿದ ಎಲೆಯನ್ನು ಸುಟ್ಟು ಬೂದಿ ಮಾಡದೆ ಕೂಡಿಟ್ಟವನಿಗೆ ಬೇಸಗೆಯಲ್ಲಿ ಅದೇ ಸಂಪತ್ತು.

ಮೂರನೆಯದು ಎಳೆಯ ಸಸಿಗಳ ರಕ್ಷಣೆ. ಪಡುವಣ ಬಿಸಿಲು ತಾಗದಂತೆ ತೆಂಗಿನ ಗರಿಯನ್ನು ಮರೆಕಟ್ಟಬೇಕು. ಒಣಹವೆಯಲ್ಲಿ ಹೆಚ್ಚುವ ಗೆದ್ದಲು, ಹಿಟ್ಟುತಿಗಣೆಗಳ ಮೇಲೆ ಕಣ್ಣಿಟ್ಟಿರಬೇಕು. ಈ ಸಮಯದಲ್ಲಿ ಗಿಡಗಳನ್ನು ಬಲವಾಗಿ ಕತ್ತರಿಸಬಾರದು. ಎಲೆಯ ನೆರಳು ಹೋದರೆ ಕಾಂಡಕ್ಕೇ ಬಿಸಿಲು ಬಡಿಯುತ್ತದೆ. ಆದರೆ ದೊಡ್ಡ ಮರಗಳ ಒಣಕೊಂಬೆಗಳನ್ನು ಮಾತ್ರ ತೆಗೆಯಲೇಬೇಕು. ಏಪ್ರಿಲ್, ಮೇ ತಿಂಗಳ ಬಿರುಗಾಳಿ ಮಳೆಗೆ ಅವು ಮುರಿದುಬಿದ್ದು ಹಾನಿ ಮಾಡುತ್ತವೆ. ಇದಲ್ಲದೆ ಚಳಿಗಾಲದ ಹೂಗಿಡಗಳು ಮುಗಿಯುವುದೂ ಈಗಲೇ. ಅವುಗಳ ಬೀಜವನ್ನು ಆರಿಸಿ, ನೆರಳಿನಲ್ಲಿ ಒಣಗಿಸಿ, ಮುಂದಿನ ವರ್ಷಕ್ಕೆ ಕಟ್ಟಿಡಬೇಕು.

ಎಲ್ಲಕ್ಕಿಂತ ಮಹತ್ವದ ಕೆಲಸ ಇನ್ನೂ ಕಣ್ಣಿಗೆ ಕಾಣದ ಮಳೆಗಾಲಕ್ಕಾಗಿ ಗುಂಡಿ ತೋಡುವುದು. ಬೇಸಗೆಯ ಮೊದಲಿಗೆ ತೋಡಿದ ಗುಂಡಿ ಕೆಲವು ವಾರ ಬಿಸಿಲು ಕಾದರೆ ಮಣ್ಣಿನೊಳಗಿನ ಹುಳುಗಳು ಸಾಯುತ್ತವೆ, ಮಣ್ಣು ಹದವಾಗುತ್ತದೆ. ಬಳಿಕ ಗೊಬ್ಬರ ಬೆರೆಸಿ ಮುಚ್ಚಿಟ್ಟರೆ ಭರಣಿ, ಕೃತ್ತಿಕೆಯ ಮಳೆಗೆ ಅದು ನೀರು ಕುಡಿದು ಸಸಿಗೆ ಸಿದ್ಧವಾಗಿರುತ್ತದೆ. ಮಳೆ ಬಂದ ಮೇಲೆ ಗುದ್ದಲಿ ಹುಡುಕುವವನು ಒಂದು ವರ್ಷವನ್ನೇ ಕಳೆದುಕೊಳ್ಳುತ್ತಾನೆ. ಲಾಲ್‌ಬಾಗಿನ ಆಸುಪಾಸಿನಲ್ಲಿ ತಲೆಮಾರುಗಳಿಂದ ಹೂವು ತರಕಾರಿಗಳನ್ನು ಬೆಳೆಯುತ್ತಿದ್ದ ತಿಗಳ ಸಮುದಾಯದವರಿಗೆ ಇವೆಲ್ಲ ಕೈಗೆ ಬಂದ ವಿದ್ಯೆ. ಅಂಥವರ ಕೈಗುಣವಿಲ್ಲದೆ ಯಾವ ಅಧಿಕಾರಿಯ ಯೋಜನೆಯೂ ಚಿಗುರುವುದಿಲ್ಲ. ಮೇಲಿನವರ ಶಾಸ್ತ್ರಜ್ಞಾನವೂ ದುಡಿಯುವವರ ಅನುಭವವೂ ಕೂಡಿದುದರಿಂದ ಲಾಲ್‌ಬಾಗ್ ಆ ಕಾಲದಲ್ಲಿ ಏಳಿಗೆ ಹೊಂದಿತು.

ಉದ್ಯಾನದ ಬೇಲಿಯೊಳಗಿನ ಗಿಡವನ್ನು ಕಾಯುವುದು ಒಂದು ಬಗೆ. ಬೀದಿಯ ಬದಿಯ ಸಸಿಯನ್ನು ಕಾಯುವುದು ಇನ್ನೊಂದು ಬಗೆ. ಅಲ್ಲಿ ದನ ಮೇಯುತ್ತದೆ, ಗಾಡಿ ತಾಗುತ್ತದೆ, ದಾರಿಹೋಕರು ಕಿತ್ತುಹಾಕುತ್ತಾರೆ. ಸಾಲುಮರದ ಸಸಿ ಮೊದಲ ಎರಡು ಮೂರು ಬೇಸಗೆಗಳನ್ನು ದಾಟಿದರೆ ಮಾತ್ರ ತನ್ನ ಬೇರಿನ ಮೇಲೆ ತಾನು ನಿಲ್ಲುತ್ತದೆ. ಅದು ಹೂಬಿಡಲು ಮತ್ತೂ ಹಲವು ವರ್ಷ ಬೇಕು. ನೆಟ್ಟವನ ಲೆಕ್ಕ ಸರಿಯೋ ತಪ್ಪೋ ಎಂಬುದು ಅನಂತರವೇ ತಿಳಿಯುವುದು. ಇಷ್ಟು ದೀರ್ಘಕಾಲದ ತಾಳ್ಮೆ ಬೇಡುವ ಕಾರ್ಯದಲ್ಲಿ ಕೃಂಬಿಗಲ್ಲರು ಕೈಹಾಕಿದರು. ವರ್ಷದ ಯಾವ ತಿಂಗಳಿನಲ್ಲಿ ನೋಡಿದರೂ ನಗರದ ಯಾವುದಾದರೂ ಬೀದಿಯಲ್ಲಿ ಮರಗಳು ಹೂ ತಳೆದಿರಬೇಕು, ಒಂದು ಜಾತಿ ಮುಗಿಯುತ್ತಲೇ ಮತ್ತೊಂದು ಆರಂಭವಾಗಬೇಕು ಎಂಬುದೇ ಆ ಯೋಜನೆಯ ತಿರುಳು. ಇದಕ್ಕೆ ಸರಣಿ ಹೂಬಿಡುವಿಕೆ ಎಂದು ಹೆಸರು.

ಈ ಯೋಜನೆಯಲ್ಲಿ ಬೇಸಗೆಗೆ ವಿಶೇಷ ಸ್ಥಾನ ದೊರೆತುದು ಸಹಜ. ಉಷ್ಣವಲಯದ ಅನೇಕ ಮರಗಳು ಒಣಗಾಲದಲ್ಲಿ ಎಲೆಯುದುರಿಸಿ, ಬರಿಗೊಂಬೆಗಳ ಮೇಲೆ ಹೂ ಬಿಡುತ್ತವೆ. ಎಲೆಯ ಮರೆಯಿಲ್ಲದ ಕಾರಣ ಹೂಗಳು ಕೀಟಗಳಿಗೂ ಹಕ್ಕಿಗಳಿಗೂ ದೂರದಿಂದಲೇ ಕಾಣುತ್ತವೆ. ನಮ್ಮ ಕಾಡಿನ ಮುತ್ತುಗ ಇದಕ್ಕೆ ಒಳ್ಳೆಯ ನಿದರ್ಶನ. ಹುಲ್ಲು ಬಾಡಿ ನೆಲ ಬೋಳಾಗುವ ಕಾಲದಲ್ಲಿ ತಲೆಯೆತ್ತಿ ನೋಡುವವನಿಗೆ ಆಕಾಶವೇ ತೋಟವಾಗುತ್ತದೆ. ಬೆಂಗಳೂರಿನ ಬೀದಿಗಳಲ್ಲಿ ಹೊಂಗೆ, ಕಕ್ಕೆ, ಹೊಳೆದಾಸವಾಳಗಳಂಥ ಈ ನೆಲದ ಮರಗಳ ಪಕ್ಕದಲ್ಲಿ ದಕ್ಷಿಣ ಅಮೆರಿಕದ ಜಕರಂದ, ಮಡಗಾಸ್ಕರಿನ ಗುಲ್‌ಮೊಹರ್ ಮೊದಲಾದ ಹೊರನಾಡಿನ ಮರಗಳೂ ಬೇರೂರಿದುವು. ಹೊರಗಿನಿಂದ ಬಂದುದು ನೆರಳು ಕೊಡತೊಡಗಿದ ಮೇಲೆ ಜನರು ಅದನ್ನು ಪರಕೀಯವೆಂದು ಎಣಿಸಲಿಲ್ಲ.

ಹೂವಿನ ಚೆಲುವೊಂದೇ ಕೃಂಬಿಗಲ್ಲರ ಗುರಿಯಾಗಿರಲಿಲ್ಲ. ಜನರಿಗೆ ಉಪಯುಕ್ತವಾದ ಹಣ್ಣು, ಮೇವು, ಧಾನ್ಯಗಳ ಹೊಸ ತಳಿಗಳನ್ನು ತರಿಸಿ ಬೆಳೆಸಿ ನೋಡುವುದೂ ಅವರ ಕೆಲಸವಾಗಿತ್ತು. ತೋಟಗಾರಿಕೆಯ ಆಸಕ್ತಿ ಸಾರ್ವಜನಿಕರಲ್ಲಿ ಹರಡಲೆಂದು 1912ರಲ್ಲಿ ಮೈಸೂರು ಉದ್ಯಾನ ಕಲಾ ಸಂಘ ಹುಟ್ಟಿದಾಗ ಅವರು ಅದರ ಮುಂದಾಳುಗಳಲ್ಲಿ ಒಬ್ಬರಾಗಿದ್ದರು. ಲಾಲ್‌ಬಾಗಿನ ಗಾಜಿನ ಮನೆಯ ಫಲಪುಷ್ಪ ಪ್ರದರ್ಶನಗಳು ಇಂದಿಗೂ ಜನರನ್ನು ಸೆಳೆಯುತ್ತಿವೆ. ಕೃಷ್ಣರಾಜಸಾಗರ ಅಣೆಕಟ್ಟಿನ ಕೆಳಗೆ 1927ರಿಂದ 1932ರವರೆಗೆ ರೂಪುಗೊಂಡ ಬೃಂದಾವನ ಉದ್ಯಾನವೂ ಅವರ ಪ್ರತಿಭೆಗೆ ಸಾಕ್ಷಿ. ದಿವಾನ್ ಮಿರ್ಜಾ ಇಸ್ಮಾಯಿಲರ ಕನಸಿಗೆ ಕೃಂಬಿಗಲ್ಲರು ಆಕಾರ ಕೊಟ್ಟರು. ಕಾಶ್ಮೀರದ ಮೊಗಲ್ ಉದ್ಯಾನಗಳಂತೆ ಮೆಟ್ಟಲು ಮೆಟ್ಟಲಾಗಿ ಇಳಿಯುವ ಹಸಿರು ಹಾಸು, ನಡುವೆ ಹರಿಯುವ ನೀರು, ಚಿಮ್ಮುವ ಕಾರಂಜಿ ಇವು ಬೇಸಗೆಯಲ್ಲಿಯೂ ನೋಡುವವರಿಗೆ ತಂಪೆರೆಯುತ್ತವೆ.

1932ರಲ್ಲಿ ಕೃಂಬಿಗಲ್ಲರು ನಿವೃತ್ತರಾದರು. ಅವರ ಸ್ಥಾನಕ್ಕೆ ಎಚ್. ಸಿ. ಜವರಾಯರು ಬಂದರು. ಲಾಲ್‌ಬಾಗಿನ ಆಡಳಿತವನ್ನು ವಹಿಸಿಕೊಂಡ ಭಾರತೀಯರಲ್ಲಿ ಅವರೇ ಮೊದಲಿಗರು. ಒಳ್ಳೆಯ ತೋಟಗಾರ ಗಿಡಗಳನ್ನು ಮಾತ್ರ ಬೆಳೆಸುವುದಿಲ್ಲ; ತನ್ನ ಅನಂತರ ನೀರೆರೆಯುವವರನ್ನೂ ಬೆಳೆಸುತ್ತಾನೆ. ನಿವೃತ್ತರಾದ ಮೇಲೆ ಕೃಂಬಿಗಲ್ಲರು ತಾಯ್ನಾಡಿಗೆ ಹಿಂದಿರುಗಬಹುದಾಗಿತ್ತು. ಆದರೆ ಅವರು ಬೆಂಗಳೂರಿನಲ್ಲಿಯೇ ನೆಲಸಿದರು.

ಅವರ ಬಾಳಿನ ಕಠಿಣವಾದ ಬೇಸಗೆ ಬಂದುದು ಅನಂತರ. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಜರ್ಮನಿ ಬ್ರಿಟನ್ನಿಗೆ ಶತ್ರುದೇಶವಾಯಿತು. ಭಾರತದಲ್ಲಿದ್ದ ಜರ್ಮನರನ್ನು ಬ್ರಿಟಿಷ್ ಸರ್ಕಾರ ಹಿಡಿದು ಶಿಬಿರಗಳಲ್ಲಿ ಇರಿಸಿತು. ಎಪ್ಪತ್ತು ದಾಟಿದ ವೃದ್ಧರಾದ ಕೃಂಬಿಗಲ್ಲರೂ ಆ ಬಂಧನಕ್ಕೆ ಒಳಗಾಗಬೇಕಾಯಿತು. ಯಾವ ನಗರದ ಬೀದಿಗಳಿಗೆ ನೆರಳು ತರಲು ದುಡಿದಿದ್ದರೋ ಅದೇ ನಗರದ ಪರಿಸರದಲ್ಲಿ ಅವರು ಹಗೆಯ ದೇಶದವರೆಂಬ ಹೆಸರು ಹೊತ್ತು ಕಾವಲಿನಲ್ಲಿ ದಿನ ಕಳೆದರು. ಹೊರಗೆ ಬೀದಿಗಳಲ್ಲಿ ಮರಗಳು ತಮ್ಮ ತಮ್ಮ ತಿಂಗಳಿನಲ್ಲಿ ಎಂದಿನಂತೆ ಹೂ ಬಿಡುತ್ತಿದ್ದುವು. ನೆಟ್ಟವನ ದೇಶ ಯಾವುದೆಂದು ಅವು ಕೇಳಲಿಲ್ಲ. ಯುದ್ಧದ ಕೊನೆಯ ವರ್ಷ, 1945ರ ಫೆಬ್ರವರಿಯಲ್ಲಿ, ಅವರ ಹುಟ್ಟೂರಿನ ಸಮೀಪದ ಡ್ರೆಸ್ಡೆನ್ ನಗರ ಬಾಂಬುಗಳಿಗೆ ಸಿಕ್ಕಿ ಸುಟ್ಟುಹೋಯಿತು. ಇಷ್ಟೆಲ್ಲ ಆದ ಮೇಲೆಯೂ ಅವರು ಬೆಂಗಳೂರನ್ನು ತೊರೆಯಲಿಲ್ಲ. ಸ್ವತಂತ್ರ ಭಾರತವನ್ನು ಕಣ್ಣಾರೆ ಕಂಡು, 1956ನೆಯ ಇಸವಿ ಫೆಬ್ರವರಿ 8ರಂದು ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಅವರು ತೊಡಗಿದ ಕಾರ್ಯ ಅವರೊಡನೆ ಮುಗಿಯಲಿಲ್ಲ. ಜವರಾಯರ ತರುವಾಯ ಡಾ. ಎಂ. ಎಚ್. ಮರಿಗೌಡರು ತೋಟಗಾರಿಕೆಯನ್ನು ರಾಜ್ಯದ ಮೂಲೆಮೂಲೆಗೂ ಒಯ್ದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ಮುಂದಾಳುತನದಲ್ಲಿ ಬೆಂಗಳೂರಿನ ಹೊಸ ಬಡಾವಣೆಗಳ ಬೀದಿಗಳಲ್ಲಿ ಲಕ್ಷಗಟ್ಟಲೆ ಸಸಿಗಳು ನೆಲೆಗೊಂಡುವು. ಇಂದು ನಗರದಲ್ಲಿ ಕಾಣುವ ಹೂಮರಗಳಲ್ಲಿ ಹಲವು ತಲೆಮಾರಿನವರ ದುಡಿಮೆ ಸೇರಿದೆ. ಲಾಲ್‌ಬಾಗಿನ ಬಳಿ ಕೃಂಬಿಗಲ್ಲರ ಹೆಸರಿನ ರಸ್ತೆಯೊಂದಿದೆ. ಉದ್ಯಾನದೊಳಗೆ ಅವರ ಹೆಸರು ಹೊತ್ತಿದ್ದ ಹಳೆಯ ಸಭಾಭವನ ಮಾತ್ರ ಶಿಥಿಲವಾಗಿ 2017ರಲ್ಲಿ ನೆಲಸಮವಾಯಿತು. ರಸ್ತೆಗಳನ್ನು ಅಗಲಗೊಳಿಸುವಾಗ, ಕಟ್ಟಡಗಳನ್ನು ಎಬ್ಬಿಸುವಾಗ ಎಷ್ಟೋ ಹಳೆಯ ಸಾಲುಮರಗಳೂ ಉರುಳಿವೆ. ಐವತ್ತು ಬೇಸಗೆಗಳನ್ನು ಗೆದ್ದು ನಿಂತ ಮರವನ್ನು ಕಡಿಯಲು ಒಂದು ಹಗಲು ಸಾಕು. ಅದರ ನೆರಳನ್ನು ಮತ್ತೆ ಪಡೆಯಲು ಇನ್ನೂ ಐವತ್ತು ಬೇಸಗೆಗಳು ಬೇಕು.

ಬೇಸಗೆಯ ಮೊದಲ ದಿನಗಳಲ್ಲಿ ತೋಟಗಾರನು ಮಾಡುವ ಕೆಲಸದಲ್ಲಿ ಕಣ್ಣಿಗೆ ಕಾಣುವ ಫಲವಿಲ್ಲ. ಅವನು ತೋಡುವುದು ಬರಿಯ ಗುಂಡಿ, ಹಾಸುವುದು ಒಣ ಎಲೆ, ಕಟ್ಟುವುದು ಗರಿಯ ಮರೆ. ಬಿಸಿಲು ನೆತ್ತಿಯ ಮೇಲಿರುವಾಗ ಅವನು ಮಳೆಯನ್ನು ನಂಬಿ ದುಡಿಯುತ್ತಾನೆ. ಎಲ್ಬೆ ನದಿಯ ದಡದಲ್ಲಿ ಹಿಮದಿಂದ ಮರವನ್ನು ಕಾಯುವುದನ್ನು ಕಲಿತ ಒಬ್ಬ ಬಾಲಕ, ಕಾವೇರಿಯ ನಾಡಿನಲ್ಲಿ ಬಿಸಿಲಿನಿಂದ ಮರವನ್ನು ಕಾಯುವುದನ್ನು ಕಲಿತು, ತಾನು ಕಾಣದ ಬೇಸಗೆಗಳಿಗೂ ನೆರಳನ್ನು ಇರಿಸಿಹೋದನು. ಬರುವ ಫಾಲ್ಗುಣದಲ್ಲಿ ಬೀದಿಯ ಬದಿಯ ಹೂಮರವನ್ನು ನೋಡುವವರು ಅದರ ಬುಡದಲ್ಲಿ ಒಣಗುತ್ತಿರುವ ಸಸಿಯೊಂದಿದ್ದರೆ ಅದಕ್ಕೆ ಒಂದು ಬಿಂದಿಗೆ ನೀರು ಎರೆಯಲಿ. ಕೃಂಬಿಗಲ್ಲರಿಗೆ ಸಲ್ಲಿಸಬಹುದಾದ ಗೌರವ ಇದಕ್ಕಿಂತ ಮಿಗಿಲಾದುದು ಬೇರೊಂದಿಲ್ಲ.